ಜಿಮ್ಮಿ ಪೆರ್ರಿ: ಸೋತ ನಟನೋ, ಗೆದ್ದ ಬರಹಗಾರನೋ?

ರೆಡಿಂಗ್ ರಾಯ · ಶನಿವಾರ, ಬೆಳಿಗ್ಗೆ 8.40

ನಮ್ಮ ಪಕ್ಕದ ಮನೆಯ ಇಂಗ್ಲಿಷ್ ತಾತ ಎಂಬತ್ತು ದಾಟಿದವರು. ಮನೆ ಖಾಲಿ ಮಾಡಿ ಮಗಳ ಊರಿಗೆ ಹೊರಟಾಗ ಒಂದು ರಟ್ಟಿನ ಪೆಟ್ಟಿಗೆ ತುಂಬ ಡಿವಿಡಿ ತಂದು ನಮ್ಮ ಹೊಸ್ತಿಲ ಮೇಲಿಟ್ಟರು. ಹದಿನಾಲ್ಕು ವರ್ಷದಿಂದ ಈ ದೇಶದಲ್ಲಿದ್ದೂ ‘ಡ್ಯಾಡ್ಸ್ ಆರ್ಮಿ’ ನೋಡಿಲ್ಲ ಎಂದದ್ದಕ್ಕೆ ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಉಪ್ಪಿನಕಾಯಿ ತಿಂದಿಲ್ಲ ಎಂದವನನ್ನು ನಮ್ಮಜ್ಜಿ ಹಾಗೆಯೇ ನೋಡುತ್ತಿದ್ದರು.

ಮೂರು ವಾರದಿಂದ ರಾತ್ರಿ ಊಟವಾದ ಮೇಲೆ ಎರಡೆರಡು ಕಂತು ನೋಡುತ್ತಿದ್ದೇವೆ. ಅದನ್ನು ಬರೆದವರಲ್ಲಿ ಒಬ್ಬರಾದ ಜಿಮ್ಮಿ ಪೆರ್ರಿ ಮೂಲತಃ ನಟರಂತೆ. ತಮಗೆ ಪಾತ್ರ ಬೇಕೆಂದೇ ಈ ಧಾರಾವಾಹಿ ಬರೆದರಂತೆ, ಆ ಪಾತ್ರ ಕೊನೆಗೂ ಅವರಿಗೆ ಸಿಗಲಿಲ್ಲವಂತೆ. ‘ಹಾಗಾದರೆ ಸೋತ ನಟ’ ಎಂದು ಹೆಂಡತಿಯ ತೀರ್ಪು. ನನಗೆ ಒಪ್ಪಿಗೆಯಿಲ್ಲ, ಆದರೆ ವಾದಿಸಲು ಸರಕಿಲ್ಲ. ತಿಳಿದವರು ಸರಕು ಒದಗಿಸಿ.

ಎರಡನೆಯ ಪ್ರಶ್ನೆ. ಅದೇ ಪೆಟ್ಟಿಗೆಯಲ್ಲಿ ಪೆರ್ರಿಯವರದೇ ಇನ್ನೊಂದು ಧಾರಾವಾಹಿ ‘ಇಟ್ ಏಂಟ್ ಹಾಫ್ ಹಾಟ್ ಮಮ್’ ಕೂಡ ಇದೆ. ಅದರ ಕತೆ ನಡೆಯುವುದು ನಮ್ಮ ನಾಸಿಕದ ಹತ್ತಿರ, 1945ರಲ್ಲಿ. ಭಾರತೀಯ ಬೇರರ್ ಪಾತ್ರಕ್ಕೆ ಇಂಗ್ಲಿಷ್ ನಟನೊಬ್ಬ ಮುಖಕ್ಕೆ ಕಂದು ಬಣ್ಣ ಬಳಿದುಕೊಂಡು ಬಂದಿದ್ದಾನೆ. ಮೊದಲು ನಕ್ಕೆ, ಆಮೇಲೆ ನಕ್ಕದ್ದಕ್ಕೆ ಕಸಿವಿಸಿಯಾಯಿತು. ನೀವಾದರೆ ಏನು ಮಾಡುತ್ತಿದ್ದಿರಿ?

ಒಗ್ಗರಣೆ · 8.52

‘ಡ್ಯಾಡ್ಸ್ ಆರ್ಮಿ’ ಎಂದರೇನು ಎಂದು ಮೊದಲು ಹೇಳಿ. ಎಲ್ಲರ ಪಕ್ಕದ ಮನೆಯಲ್ಲೂ ಇಂಗ್ಲಿಷ್ ತಾತ ಇರುವುದಿಲ್ಲ.

ರೆಡಿಂಗ್ ರಾಯ · 9.05

ಕ್ಷಮಿಸಿ. 1940ರ ಮೇ 14ರಂದು ಯುದ್ಧಮಂತ್ರಿ ಆಂಥನಿ ಈಡನ್ ರೇಡಿಯೊದಲ್ಲಿ ಕರೆ ಕೊಟ್ಟರು: ಸೈನ್ಯದಲ್ಲಿಲ್ಲದ ಗಂಡಸರೆಲ್ಲ ಊರು ಕಾಯಲು ಬನ್ನಿ, ಜರ್ಮನರು ಯಾವ ಗಳಿಗೆಯಲ್ಲಾದರೂ ಇಳಿಯಬಹುದು ಎಂದು. ಜುಲೈ ಹೊತ್ತಿಗೆ ಸುಮಾರು 15 ಲಕ್ಷ ಜನ ಸೇರಿದ್ದರು. ಮುದುಕರು, ಮೀಸೆ ಚಿಗುರದ ಹುಡುಗರು, ಕಾಯಿಲೆಯವರು. ಶುರುವಿನಲ್ಲಿ ಬಂದೂಕಿಲ್ಲ, ಸಮವಸ್ತ್ರವಿಲ್ಲ. ಅದೇ ಹೋಮ್ ಗಾರ್ಡ್.

ಧಾರಾವಾಹಿಯಲ್ಲಿ ವಾಲ್ಮಿಂಗ್ಟನ್ ಎಂಬ ಕಲ್ಪನೆಯ ಕಡಲೂರು. ಬ್ಯಾಂಕ್ ಮ್ಯಾನೇಜರ್ ಮೈನ್‌ವೇರಿಂಗ್ ತನ್ನನ್ನು ತಾನೇ ಕ್ಯಾಪ್ಟನ್ ಮಾಡಿಕೊಳ್ಳುತ್ತಾನೆ. ಅದೇ ಬ್ಯಾಂಕಿನ ಗುಮಾಸ್ತ ವಿಲ್ಸನ್ ಸಾರ್ಜೆಂಟ್, ಮಾಂಸದಂಗಡಿಯ ಮುದುಕ ಜೋನ್ಸ್ ಕಾರ್ಪೊರಲ್, ಅಮ್ಮನ ಮುದ್ದಿನ ಮಗ ಪೈಕ್ ಸಿಪಾಯಿ. 1968ರಿಂದ 1977ರವರೆಗೆ 80 ಕಂತು.

ಪುಸ್ತಕದ ಹುಳು · 9.11

ಬರೆಯುವುದು ಮೈನ್‌ವೇರಿಂಗ್, ಕರೆಯುವುದು ‘ಮ್ಯಾನರಿಂಗ್’. ಮೂರು ವಾರದಿಂದ ನೋಡುತ್ತಿದ್ದೀರಿ, ಕಿವಿ ಎಲ್ಲಿತ್ತು?

ರೆಡಿಂಗ್ ರಾಯ · 9.13

ಕಿವಿ ಸರಿಯಾಗಿಯೇ ಇದೆ. ಡಿವಿಡಿ ಡಬ್ಬಿ ನೋಡಿ ಬರೆದೆ.

ಹಳೆಯ ರೇಡಿಯೊ · 9.48

ಸರಕು ತಾನೆ ಬೇಕಾದದ್ದು? ತೆಗೆದುಕೊಳ್ಳಿ.

ಪೆರ್ರಿ ಹುಟ್ಟಿದ್ದು 1923ರಲ್ಲಿ, ಲಂಡನ್ನಿನ ಬಾರ್ನ್ಸ್‌ನಲ್ಲಿ. ತಂದೆಗೆ ಹಳೆಯ ಕಲಾವಸ್ತುಗಳ ವ್ಯಾಪಾರ. ಮಗನಿಗೆ ಓದು ಹತ್ತಲಿಲ್ಲ, ಸಿನಿಮಾ ಹುಚ್ಚು, ಜೊತೆಗೆ ಹಾಡು, ಕುಣಿತ, ಹಾಸ್ಯ ಎಲ್ಲ ಬೆರೆತ ಮ್ಯೂಸಿಕ್ ಹಾಲ್ ರಂಗಪ್ರದರ್ಶನಗಳ ಹುಚ್ಚು ಹಿಡಿಯಿತು. ದೊಡ್ಡ ನಟನಾಗುತ್ತೇನೆ ಎಂದಾಗ ತಂದೆ ‘ಮೂರ್ಖ ಹುಡುಗ!’ ಎಂದು ಗದರುತ್ತಿದ್ದರಂತೆ. ಮ್ಯಾನರಿಂಗ್ ಕಂತು ಕಂತಿಗೂ ಪೈಕನನ್ನು ಗದರುವುದು ಅದೇ ಮಾತಿನಲ್ಲಿ. ಮಗ ತಂದೆಯ ಬೈಗುಳವನ್ನು ಮೂವತ್ತು ವರ್ಷ ಜೇಬಿನಲ್ಲಿಟ್ಟುಕೊಂಡಿದ್ದು ಇಡೀ ದೇಶವನ್ನು ನಗಿಸಲು ಬಳಸಿದ. ಮುಂದೆ ಆತ್ಮಕತೆಗೂ ಅದನ್ನೇ ಹೆಸರಾಗಿಟ್ಟ.

ಯುದ್ಧದ ಕಾಲಕ್ಕೆ ಕುಟುಂಬ ವಾಟ್‌ಫರ್ಡ್‌ಗೆ ಬಂತು. ಹುಡುಗ ಅಲ್ಲಿನ ಹೋಮ್ ಗಾರ್ಡ್ ಸೇರಿದ. ರಾತ್ರಿ ಹೊತ್ತು ಹೊರಗಿರುತ್ತಾನೆ ಎಂದು ತಾಯಿಗೆ ಚಿಂತೆ. ಅಂದರೆ ಪೈಕ್ ಬೇರೆ ಯಾರೂ ಅಲ್ಲ, ಬರೆದವರೇ. ಆ ತುಕಡಿಯಲ್ಲಿ ಸುಡಾನಿನಲ್ಲಿ ಬ್ರಿಟಿಷ್ ಸೇನಾಪತಿ ಕಿಚನರ್ ಕೈಕೆಳಗೆ ಕಾದಾಡಿದ್ದ ಮುದಿ ಕಾರ್ಪೊರಲ್ ಒಬ್ಬನಿದ್ದ. ಶತ್ರುಗಳಿಗೆ ಬಯೊನೆಟ್ ತಿವಿತ ಎಂದರೆ ಆಗದು ಎಂದು ಅವನು ಎಲ್ಲರಿಗೂ ಪಾಠ ಮಾಡುತ್ತಿದ್ದ. ಜೋನ್ಸ್ ಹುಟ್ಟಿದ್ದು ಅವನಿಂದ.

ಜೋನ್ಸ್ ಪಾತ್ರದ ಕ್ಲೈವ್ ಡನ್‌ಗೆ 1968ರಲ್ಲಿ ವಯಸ್ಸು ಎಷ್ಟು ಹೇಳಿ ನೋಡೋಣ. 48! ನಡುಗುವ ಕೈ, ಮುಗ್ಗರಿಸುವ ಕಾಲು ಎಲ್ಲ ನಟನೆ.

ಒಗ್ಗರಣೆ · 9.55

48ಕ್ಕೆ ನನಗೆ ಅದು ನಟನೆಯಿಲ್ಲದೆಯೇ ಬಂದಿದೆ.

ಬಣ್ಣದ ಮನೆ · 10.20

‘ಸೋತ ನಟ’ ಎನ್ನುವವರು ವಾಟ್‌ಫರ್ಡ್ ಪ್ಯಾಲೇಸ್ ರಂಗಮಂದಿರದ ಕತೆ ಕೇಳಬೇಕು. ಪೆರ್ರಿ ಮತ್ತು ಅವರ ಪತ್ನಿ ಗಿಲ್ಡಾ 1956ರಿಂದ 1965ರವರೆಗೆ ಅದನ್ನು ನಡೆಸಿದರು. ಅಲ್ಲಿನದು ವಾರಕ್ಕೊಂದು ನಾಟಕದ ಪದ್ಧತಿ. ರಾತ್ರಿ ಒಂದು ನಾಟಕ ಆಡಬೇಕು, ಹಗಲು ಮುಂದಿನ ವಾರದ್ದರ ತಾಲೀಮು. ಭಾನುವಾರ ಹಳೆಯ ಸೆಟ್ ಕಿತ್ತು ಹೊಸದನ್ನು ಹೂಡಬೇಕು. ನಡುನಡುವೆ ಟಿಕೆಟ್ ಲೆಕ್ಕ, ಸೋರುವ ಮಾಡು, ಸಂಬಳ ಕೇಳುವ ನಟರು. ಯಾವ ಮಾತಿಗೆ ಜನ ನಗುತ್ತಾರೆ, ಯಾವುದಕ್ಕೆ ಕೆಮ್ಮುತ್ತಾರೆ ಎಂಬುದನ್ನು ಒಂಬತ್ತು ವರ್ಷ ಹಾಗೆ ಕಲಿತವನು ಸೋತವನೇ? ಅಷ್ಟು ವರ್ಷದ ಅಭ್ಯಾಸ ನನಗೆ ದಕ್ಕಿದ್ದರೆ ನಾನು ಇಲ್ಲಿ ಕುಳಿತು ಬರೆಯುತ್ತಿರಲಿಲ್ಲ.

ಕುಂದಾಪುರದ ಕಡಲು · 10.31

ಆದರೂ ಪ್ರಶ್ನೆ ಉಳಿಯಿತಲ್ಲ. ಪಾತ್ರ ಏಕೆ ಸಿಗಲಿಲ್ಲ?

ಹಳೆಯ ರೇಡಿಯೊ · 11.02

ಹೇಳುತ್ತೇನೆ. 1967. ವಾಟ್‌ಫರ್ಡ್ ಮುಗಿದಿದೆ, ವಯಸ್ಸು ನಲವತ್ತು ದಾಟಿದೆ. ಪೂರ್ವ ಲಂಡನ್ನಿನ ಸ್ಟ್ರಾಟ್‌ಫರ್ಡ್‌ನಲ್ಲಿ ಜೋನ್ ಲಿಟಲ್‌ವುಡ್ ಅವರ ನಾಟಕ ತಂಡದಲ್ಲಿ ಪೆರ್ರಿ ನಟ. ಟಿವಿಯಲ್ಲಿ ಸಿಗುವುದು ಚಿಲ್ಲರೆ ಪಾತ್ರಗಳು. ಇನ್ನು ಯಾರೂ ಒಳ್ಳೆಯ ಪಾತ್ರ ಕೊಡುವುದಿಲ್ಲ, ನಾನೇ ಬರೆದುಕೊಳ್ಳುತ್ತೇನೆ ಎಂದು ನಿರ್ಧರಿಸಿದರು. ಬಕಿಂಗ್‌ಹ್ಯಾಮ್ ಅರಮನೆಯ ಎದುರು ಕಾವಲು ಬದಲಾಗುವುದನ್ನು ನೋಡುತ್ತಿದ್ದಾಗ ತಮ್ಮ ಹೋಮ್ ಗಾರ್ಡ್ ದಿನಗಳು ನೆನಪಾದವು. ಆಮೇಲೆ ವಿಲ್ ಹೇ ಎಂಬ ಹಾಸ್ಯನಟನ 1937ರ ಸಿನಿಮಾ ಟಿವಿಯಲ್ಲಿ ಬಂತು. ಅದರಲ್ಲಿ ಒಬ್ಬ ಜಂಬದವನು, ಒಬ್ಬ ಮುದುಕ, ಒಬ್ಬ ಹುಡುಗ. ಮ್ಯಾನರಿಂಗ್, ಜೋನ್ಸ್, ಪೈಕ್ ಕಂಡಿರಾ? ಅಚ್ಚು ಅಲ್ಲಿಂದ ಬಂದದ್ದು, ಬೆಲ್ಲ ಸ್ವಂತದ್ದು.

ಬರೆದು ಯಾರಿಗೆ ಕೊಡುವುದು? ಅವರ ಏಜೆಂಟ್ ಆನ್ ಕ್ಯಾಲೆಂಡರ್. ಆಕೆಯ ಗಂಡ ಬಿಬಿಸಿಯ ಹಾಸ್ಯ ವಿಭಾಗದ ನಿರ್ಮಾಪಕ ಡೇವಿಡ್ ಕ್ರಾಫ್ಟ್. ಕ್ರಾಫ್ಟ್ ನಿರ್ದೇಶಿಸುತ್ತಿದ್ದ ಒಂದು ಧಾರಾವಾಹಿಯಲ್ಲಿ ಪೆರ್ರಿಗೆ ಸಣ್ಣ ಪಾತ್ರ ಬಂತು. ಅಲ್ಲೇ ಹಸ್ತಪ್ರತಿಯನ್ನು ಕೈಗಿಟ್ಟರು. ಆಗ ಅದರ ಹೆಸರು ‘ದಿ ಫೈಟಿಂಗ್ ಟೈಗರ್ಸ್’. ‘ಡ್ಯಾಡ್ಸ್ ಆರ್ಮಿ’ ಎಂದು ಬದಲಿಸಿದವರು ಹಾಸ್ಯ ವಿಭಾಗದ ಮುಖ್ಯಸ್ಥ ಮೈಕೆಲ್ ಮಿಲ್ಸ್. ಮುಂದೆ ಪೆರ್ರಿ ಮತ್ತು ಕ್ರಾಫ್ಟ್ ಜೊತೆಗೂಡಿ ಬರೆದರು.

ಪೆರ್ರಿ ತಮಗೆಂದು ಹೊಲಿದುಕೊಂಡಿದ್ದ ಅಂಗಿ ವಾಕರ್. ಕಾಳಸಂತೆಯ ಚಾಲಾಕಿ. ಪೆಟ್ರೋಲ್ ಬೇಕೇ, ವಿಸ್ಕಿ ಬೇಕೇ, ಹೆಂಗಸರ ಕಾಲುಚೀಲ ಬೇಕೇ, ಎಲ್ಲ ಅವನ ಕೋಟಿನೊಳಗೆ. ಕ್ರಾಫ್ಟ್ ಮತ್ತು ಮಿಲ್ಸ್ ಇಬ್ಬರೂ ಬೇಡ ಎಂದರು. ಬರಹಗಾರನೇ ನಟನಾಗಿ ನಿಂತರೆ, ಒಳ್ಳೆಯ ಮಾತುಗಳನ್ನೆಲ್ಲ ತನಗೇ ಇಟ್ಟುಕೊಂಡಿದ್ದಾನೆ ಎಂದು ಉಳಿದವರು ಮುನಿಸಿಕೊಳ್ಳುತ್ತಾರೆ ಎಂಬುದು ಕ್ರಾಫ್ಟ್ ವಾದ. ಪಾತ್ರ ಜೇಮ್ಸ್ ಬೆಕ್‌ಗೆ ಹೋಯಿತು. ಪೆರ್ರಿಗೆ ಸಿಕ್ಕಿದ್ದು ಮೊದಲ ಸರಣಿಯ ಕೊನೆಯ ಕಂತಿನಲ್ಲಿ ಚಾರ್ಲಿ ಚೀಸ್‌ಮನ್ ಎಂಬ ವಿದೂಷಕನ ಪುಟ್ಟ ವೇಷ. ಅಷ್ಟೇ.

ಬಣ್ಣದ ಮನೆ · 11.20

ಈ ನೋವು ನನಗೆ ಗೊತ್ತು! ನಮ್ಮ ಹವ್ಯಾಸಿ ತಂಡಕ್ಕೆ ಒಂದು ಪ್ರಹಸನ ಬರೆದೆ. ಅದರಲ್ಲಿ ನಿದ್ದೆಗಣ್ಣಿನ ಪೇದೆಯ ಪಾತ್ರ, ಮೂರೇ ಪ್ರವೇಶ, ಆದರೆ ಪ್ರತಿ ಪ್ರವೇಶಕ್ಕೂ ಚಪ್ಪಾಳೆ ಗ್ಯಾರಂಟಿ. ಕನ್ನಡಿ ಮುಂದೆ ನಿಂತು ಆಕಳಿಸುವುದನ್ನು ಒಂದು ತಿಂಗಳು ಅಭ್ಯಾಸ ಮಾಡಿದ್ದೆ. ಮೊದಲ ಓದಿನ ದಿನ ನಿರ್ದೇಶಕರು ‘ಬರೆದವರು ಪ್ರಾಂಪ್ಟಿಂಗ್‌ಗೆ ಕುಳಿತರೆ ಅನುಕೂಲ’ ಎಂದರು. ಪೇದೆಯ ಪಾತ್ರ ಅವರ ಷಡ್ಡಕನಿಗೆ. ಪರದೆಯ ಪಕ್ಕ ಕುಳಿತು ನನ್ನದೇ ಮಾತನ್ನು ಅವನ ಕಿವಿಗೆ ಊದಿದೆ. ಆ ಮಹಾರಾಯ ಆಕಳಿಕೆಯನ್ನೇ ಮರೆತ.

ಪುಸ್ತಕದ ಹುಳು · 11.26

ನಮ್ಮಲ್ಲಿ ಟಿ.ಎನ್. ಸೀತಾರಾಮ್ ತಮ್ಮ ಧಾರಾವಾಹಿಯಲ್ಲಿ ತಾವೇ ವಕೀಲ ಸಿಎಸ್‌ಪಿ ಆಗಿ ನಿಂತರಲ್ಲ, ಯಾರು ಮುನಿಸಿಕೊಂಡರು? ಕ್ರಾಫ್ಟ್ ವಾದ ಪೊಳ್ಳು.

ಕುಂದಾಪುರದ ಕಡಲು · 11.33

ಸೀತಾರಾಮ್ ಅವರೇ ನಿರ್ದೇಶಕರು ಸ್ವಾಮಿ. ಬೇಡ ಎನ್ನುವವರು ಯಾರು?

ಹಳೆಯ ರೇಡಿಯೊ · 11.50

ಇಂಗ್ಲೆಂಡಿನ ಉದಾಹರಣೆಯನ್ನೇ ಕೊಡುತ್ತೇನೆ. ಜಾನ್ ಕ್ಲೀಸ್ ‘ಫಾಲ್ಟಿ ಟವರ್ಸ್’ ಬರೆದೂ ನಟಿಸಿಯೂ ಗೆದ್ದರು, ಜೊತೆಗೆ ಕಾನಿ ಬೂತ್ ಇದ್ದರು. ಎಷ್ಟು ಕಂತು? 1975ರಲ್ಲಿ ಆರು, 1979ರಲ್ಲಿ ಆರು. ಹೊರಗೆ ನಿಂತ ಪೆರ್ರಿ ಅದೇ ದಶಕದ ಆಸುಪಾಸಿನಲ್ಲಿ ಎಂಬತ್ತು ಬರೆದರು, ಮಧ್ಯೆ ಇನ್ನೊಂದು ಧಾರಾವಾಹಿಯನ್ನೂ ಶುರುಮಾಡಿದರು. ವಾಕರ್ ವೇಷ ಹಾಕಿದ್ದರೆ ಇಷ್ಟು ಸಾಧ್ಯವಿತ್ತೇ?

ಪುಸ್ತಕದ ಹುಳು · 11.58

ತೂಕಕ್ಕೆ ಹಾಕಿ ಮಾರುವ ಸರಕೇ ಅದು? ಆ ಹನ್ನೆರಡರಲ್ಲಿ ಒಂದೂ ಜೊಳ್ಳಿಲ್ಲ. ಎಂಬತ್ತರಲ್ಲಿ ಕೊನೆಯ ಎರಡು ಸರಣಿ ಎಳೆದಾಟ, ಒಪ್ಪಿಕೊಳ್ಳಿ.

ಇನ್ನೊಬ್ಬರನ್ನು ಮರೆತಿರಿ. ರಾನಿ ಬಾರ್ಕರ್ ದೊಡ್ಡ ಹಾಸ್ಯನಟ. ತಾವು ಬರೆದದ್ದನ್ನು ಮುಲಾಜಿಗೆ ಹೊಗಳಬಾರದು ಎಂದು ಜೆರಾಲ್ಡ್ ವೈಲಿ ಎಂಬ ಸುಳ್ಳು ಹೆಸರಿನಲ್ಲಿ ತಮ್ಮದೇ ಕಾರ್ಯಕ್ರಮಕ್ಕೆ ಬರಹ ಕಳಿಸುತ್ತಿದ್ದರು. ಈ ವೈಲಿ ಯಾರೆಂದು ಎಲ್ಲರೂ ತಲೆ ಕೆಡಿಸಿಕೊಂಡಿದ್ದಾಗ, ಹೋಟೆಲೊಂದರಲ್ಲಿ ಎಲ್ಲರನ್ನೂ ಸೇರಿಸಿ ‘ನಾನೇ’ ಎಂದು ಎದ್ದು ನಿಂತರು.

ಲೆಸ್ಟರ್ ಮೇಡಂ · ಮಧ್ಯಾಹ್ನ 12.40

ನಟ, ಬರಹಗಾರ ಎಂದು ಜಗಳವಾಡುತ್ತಿದ್ದೀರಿ, ಅದೇ ಧಾರಾವಾಹಿಯಲ್ಲಿ ಇದರ ತಿರುವು ಮುರುವು ಕೂತಿರುವುದನ್ನು ಯಾರೂ ನೋಡಲಿಲ್ಲ. ಗಾಡ್‌ಫ್ರೀ ನೆನಪಿದೆಯೇ? ಮೆತ್ತಗಿನ ಮುದುಕ, ಯಾವಾಗಲೂ ‘ಒಂದಕ್ಕೆ ಹೋಗಿ ಬರಲೇ’ ಎಂದು ಕೇಳುವವನು. ಆ ಪಾತ್ರದ ಆರ್ನಲ್ಡ್ ರಿಡ್ಲಿ 1920ರ ದಶಕದಲ್ಲಿ ‘ದಿ ಘೋಸ್ಟ್ ಟ್ರೇನ್’ ಎಂಬ ನಾಟಕ ಬರೆದು ಇಂಗ್ಲೆಂಡನ್ನೇ ಅಲ್ಲಾಡಿಸಿದ ನಾಟಕಕಾರ. 1916ರಲ್ಲಿ ಸೊಮ್ ಕದನದಲ್ಲಿ ಗಾಯಗೊಂಡು ಎಡಗೈ ಹಾಳಾಗಿತ್ತು. 1939ರಲ್ಲಿ ಮತ್ತೆ ಸೈನ್ಯ ಸೇರಿದವರು. ‘ಡ್ಯಾಡ್ಸ್ ಆರ್ಮಿ’ ಶುರುವಾದಾಗ 72 ವರ್ಷ.

ಒಬ್ಬ ನಟನಾಗಲು ಹೊರಟು ಬರಹಗಾರನಾದ. ಇನ್ನೊಬ್ಬ ನಾಟಕಕಾರನಾಗಿ ಹೆಸರು ಮಾಡಿ, ಕೊನೆಗೆ ಮೂತ್ರಕ್ಕೆ ಹೋಗಲು ಅಪ್ಪಣೆ ಕೇಳುವ ಮುದುಕನಾಗಿ ಜನರ ನೆನಪಿನಲ್ಲಿ ಉಳಿದ. ಮೊದಲನೆಯವನು ಬರೆದದ್ದನ್ನು ಎರಡನೆಯವನು ಆಡಿದ.

ರೆಡಿಂಗ್ ರಾಯ · 12.49

ಮೇಡಂ, ಇದನ್ನು ಹೆಂಡತಿಗೆ ಓದಿ ಹೇಳಿದೆ. ‘ಪಾಪ’ ಎಂದಳು. ಯಾರಿಗೆ ಹೇಳಿದಳೋ ಗೊತ್ತಿಲ್ಲ.

ಒಗ್ಗರಣೆ · 1.05

ಇಷ್ಟೆಲ್ಲ ಹೇಳುತ್ತೀರಿ, ಒಂದು ನಗೆಯನ್ನಾದರೂ ತೋರಿಸಿ.

ಹಳೆಯ ರೇಡಿಯೊ · 1.18

1973ರ ಒಂದು ಕಂತು. ಜರ್ಮನ್ ಜಲಾಂತರ್ಗಾಮಿಯ ಕ್ಯಾಪ್ಟನ್ ಸೆರೆ ಸಿಕ್ಕಿದ್ದಾನೆ. ತನ್ನನ್ನು ಅವಮಾನಿಸಿದವರ ಹೆಸರನ್ನೆಲ್ಲ ಪಟ್ಟಿ ಮಾಡುತ್ತಿದ್ದಾನೆ, ಗೆದ್ದ ಮೇಲೆ ನೋಡಿಕೊಳ್ಳುತ್ತೇನೆ ಎಂದು. ಪೈಕ್ ಹಿಟ್ಲರನನ್ನು ಗೇಲಿ ಮಾಡುವ ಹಾಡು ಹಾಡುತ್ತಾನೆ. ‘ನಿನ್ನ ಹೆಸರೂ ಪಟ್ಟಿಗೆ ಸೇರಬೇಕು, ಏನು ಹೆಸರು?’ ಎನ್ನುತ್ತಾನೆ ಜರ್ಮನ್. ಮ್ಯಾನರಿಂಗ್ ಥಟ್ಟನೆ: ‘ಅವನಿಗೆ ಹೇಳಬೇಡ, ಪೈಕ್!’

ಮುಗಿಯಿತು. ಬ್ರಿಟನ್ನಿನಲ್ಲಿ ಇಂದಿಗೂ ಯಾರಾದರೂ ಗುಟ್ಟು ಕಾಪಾಡಲು ಹೋಗಿ ಬಯಲು ಮಾಡಿದರೆ ಇದೇ ಮಾತು ಬರುತ್ತದೆ.

ಒಗ್ಗರಣೆ · 1.21

ಸರಿ, ನಕ್ಕೆ. ಮುಂದುವರಿಸಿ.

ಸೋಮವಾರಪೇಟೆ ಸುಬೇದಾರ · 2.30

ಎರಡನೆಯ ಪ್ರಶ್ನೆಗೆ ಯಾರೂ ಬಂದಿಲ್ಲ, ನಾನು ಬರುತ್ತೇನೆ. ಆ ಊರು ದೇವಳಾಲಿ. ಇಂಗ್ಲಿಷರು ‘ಡಿಯೊಲಾಲಿ’ ಮಾಡಿದರು. ನಾನು ಆರ್ಟಿಲರಿಯಲ್ಲಿದ್ದವನು, ನಮ್ಮ ಸೈನ್ಯದ ಸ್ಕೂಲ್ ಆಫ್ ಆರ್ಟಿಲರಿ ಇರುವುದು ಅಲ್ಲಿಯೇ. 1980ರ ದಶಕದಲ್ಲಿ ತರಬೇತಿಗೆ ಹೋಗಿದ್ದೆ. ಹೆಂಚಿನ ಮಾಡಿನ ಉದ್ದನೆಯ ಹಳೆಯ ಬ್ಯಾರಕ್‌ಗಳು. ಡಿಸೆಂಬರ್ ಬೆಳಗಿನ ಪರೇಡಿನಲ್ಲಿ ಬಂದೂಕಿನ ಕಬ್ಬಿಣ ಕೈಗೆ ಅಂಟುವಷ್ಟು ಚಳಿ. ಕೊಡಗಿನವನಾದ ನನಗೇ ಹಲ್ಲು ಕಟಕಟ ಎನ್ನುತ್ತಿತ್ತು. ‘ಸೆಕೆಯೆಂದರೆ ಸೆಕೆ ಅಮ್ಮಾ’ ಎಂದು ಧಾರಾವಾಹಿಗೆ ಹೆಸರಿಟ್ಟವರನ್ನು ಡಿಸೆಂಬರಿನಲ್ಲಿ ಕರೆದುಕೊಂಡು ಬರಬೇಕಿತ್ತು.

ಬ್ರಿಟಿಷರ ಕಾಲದಲ್ಲಿ ಅದು ಊರಿಗೆ ಮರಳುವ ಸಿಪಾಯಿಗಳು ಹಡಗಿಗಾಗಿ ಕಾಯುವ ಶಿಬಿರ. ಹಡಗು ಬರುವುದು ಚಳಿಗಾಲದ ಕೆಲವು ತಿಂಗಳು ಮಾತ್ರ. ಅದು ತಪ್ಪಿದರೆ ಮುಂದಿನ ವರ್ಷದವರೆಗೆ ಕೆಲಸವಿಲ್ಲದೆ ಬಿದ್ದಿರಬೇಕು. ಕುಡಿತ, ಜ್ವರ, ಜಗಳ, ಬುದ್ಧಿಭ್ರಮೆ. ಇಂಗ್ಲಿಷಿನಲ್ಲಿ ತಲೆ ಕೆಟ್ಟವನಿಗೆ ‘ಡೂಲ್ಯಾಲಿ’ ಎನ್ನುವುದು ಈ ಊರಿನಿಂದಲೇ. ಪೂರ್ತಿ ಮಾತು ‘ಡೂಲ್ಯಾಲಿ ಟ್ಯಾಪ್’. ‘ಟ್ಯಾಪ್’ ಎಂದರೆ ನಲ್ಲಿಯಲ್ಲ, ಜ್ವರ. ನಮ್ಮ ‘ತಾಪ’ದ ನಂಟು.

ಪುಸ್ತಕದ ಹುಳು · 2.41

ಸುಬೇದಾರರೇ, ‘ತಾಪ’ದ ವಿಷಯ ನನಗೆ ಗೊತ್ತಿರಲಿಲ್ಲ. ನಲ್ಲಿ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಗೌರವಪೂರ್ವಕ ಶರಣಾಗತಿ.

ಹಳೆಯ ರೇಡಿಯೊ · 3.00

ಪೆರ್ರಿ ಕೂಡ ರಾಯಲ್ ಆರ್ಟಿಲರಿಯವರೇ. ದೇವಳಾಲಿಯಲ್ಲಿ ಸೈನ್ಯದ ಮನರಂಜನಾ ತಂಡದಲ್ಲಿದ್ದರು, ಸಾರ್ಜೆಂಟ್ ಆದರು. ಸಿಪಾಯಿಗಳೇ ಹೆಣ್ಣು ವೇಷ ಹಾಕಿ, ಹಾಡಿ, ಕುಣಿದು ಉಳಿದವರನ್ನು ನಗಿಸುವ ತಂಡ ಅದು. ಕ್ರಾಫ್ಟ್ ಕೂಡ ಭಾರತದಲ್ಲಿ ಸೈನ್ಯದಲ್ಲಿದ್ದವರು, ಮೇಜರ್ ಆದವರು. ಹಾಗಾಗಿ ಇಬ್ಬರೂ ಕಂಡದ್ದನ್ನೇ ಬರೆದರು. 1974ರಿಂದ 1981ರವರೆಗೆ 56 ಕಂತು. ಚಿತ್ರೀಕರಣ ಮಾತ್ರ ಇಂಗ್ಲೆಂಡಿನಲ್ಲಿ.

ತಿರುಳು ಸರಳ. ಕುಣಿಯುವ ಹುಡುಗರಿಗೆ ಮುಂಚೂಣಿಗೆ ಹೋಗದೆ ಹೀಗೇ ನಾಟಕವಾಡಿಕೊಂಡು ಯುದ್ಧ ಕಳೆಯಬೇಕು. ಸಾರ್ಜೆಂಟ್ ಮೇಜರ್ ವಿಲಿಯಮ್ಸ್‌ಗೆ ಅವರನ್ನು ಕಾಡಿಗೆ ಅಟ್ಟಬೇಕು. ಆ ಪಾತ್ರದ ವಿಂಡ್ಸರ್ ಡೇವಿಸ್ ಮತ್ತು ಕುಳ್ಳ ಗಾಯಕನ ಪಾತ್ರದ ಡಾನ್ ಎಸ್ಟೆಲ್ ಹಾಡಿದ ಒಂದು ಹಾಡು 1975ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇ ಏರಿತು.

ಕುಂದಾಪುರದ ಕಡಲು · 3.12

ಹೆಣ್ಣು ವೇಷ ಎಂದರೆ ನಮಗೆ ಯಕ್ಷಗಾನದಲ್ಲಿ ಗೌರವದ ಕಲೆ. ಆ ಸಾರ್ಜೆಂಟ್ ಮೇಜರ್ ಅದೇ ಹುಡುಗರನ್ನು ಕರೆಯುವ ಪದ ಕೇಳಿದ್ದೀರಾ? ಇಲ್ಲಿ ಬರೆಯಲಾರೆ. ಬಿಬಿಸಿ ಮರುಪ್ರಸಾರ ಮಾಡದಿರುವುದಕ್ಕೆ ಕಂದು ಬಣ್ಣ ಒಂದೇ ಕಾರಣವಲ್ಲ.

ಲೆಸ್ಟರ್ ಮೇಡಂ · 3.45

ಈಗ ಬಣ್ಣದ ವಿಷಯ. ಬೇರರ್ ರಂಗಿ ರಾಮ್ ಪಾತ್ರ ಮಾಡಿದ ಮೈಕೆಲ್ ಬೇಟ್ಸ್ ಹುಟ್ಟಿದ್ದು ಝಾನ್ಸಿಯಲ್ಲಿ. ಹಿಂದುಸ್ತಾನಿ ಬಲ್ಲವರು, ಬರ್ಮಾದಲ್ಲಿ ಗೂರ್ಖಾ ಪಡೆಯ ಅಧಿಕಾರಿಯಾಗಿದ್ದವರು. ಅವರ ನಾಲಿಗೆ ನಕಲಿಯಲ್ಲ. ಪಾತ್ರವೂ ದಡ್ಡನದಲ್ಲ. ರಂಗಿ ರಾಮ್ ಬಾಯಿ ತೆರೆದರೆ ‘ನಾವು ಬ್ರಿಟಿಷರು’ ಎನ್ನುತ್ತಾನೆ. ಸಾಹೇಬರಿಗಿಂತ ಒಂದು ಕೈ ಹೆಚ್ಚು ಸಾಹೇಬನಾದ ನೌಕರನನ್ನು ನಾವು ನೋಡಿಲ್ಲವೇ? ನನ್ನ ಮುತ್ತಜ್ಜ ಮೈಸೂರಿನಲ್ಲಿ ದೊರೆಗಳ ಕಚೇರಿಯಲ್ಲಿದ್ದರು, ಸತ್ಯನಾರಾಯಣ ಪೂಜೆಗೂ ಟೈ ಕಟ್ಟುತ್ತಿದ್ದರಂತೆ.

ನನಗೆ ಹೆಚ್ಚು ಇಷ್ಟವಾಗುವವನು ಪಂಖಾವಾಲಾ. ಹೊರಗೆ ಕುಳಿತು ಬೀಸಣಿಗೆಯ ಹಗ್ಗ ಎಳೆಯುತ್ತ, ಒಳಗಿನವರ ಮಾತಿಗೆಲ್ಲ ಉರ್ದುವಿನಲ್ಲಿ ಗೊಣಗುತ್ತಾನೆ. ಗೊಣಗಾಟದ ಕೊನೆಗೆ ಶುದ್ಧ ಇಂಗ್ಲಿಷಿನಲ್ಲಿ ಒಂದು ಚುಚ್ಚುಮಾತು. ಇಡೀ ಶಿಬಿರದಲ್ಲಿ ನಡೆಯುತ್ತಿರುವುದು ಪೂರ್ತಿ ಅರ್ಥವಾಗಿರುವುದು ಅವನೊಬ್ಬನಿಗೆ. ಆ ನಟ ಬಾಬರ್ ಭಟ್ಟಿ, ಚಹಾವಾಲಾನ ಪಾತ್ರದ ಡಿನೊ ಶಫೀಕ್, ಇಬ್ಬರೂ ನಮ್ಮ ಉಪಖಂಡದವರೇ.

ಸೋಮವಾರಪೇಟೆ ಸುಬೇದಾರ · 4.02

ಇಬ್ಬರು ಸಿಕ್ಕಿದವರಿಗೆ ಮೂರನೆಯವನು ಸಿಗಲಿಲ್ಲವೇ? ಚಹಾ ಕೊಡುವವನಿಗೆ, ಹಗ್ಗ ಎಳೆಯುವವನಿಗೆ ನಮ್ಮವರು ಸಾಕು, ದೊಡ್ಡ ಪಾತ್ರಕ್ಕೆ ಅವರವರೇ ಬೇಕು. ಝಾನ್ಸಿಯಲ್ಲಿ ಹುಟ್ಟಿದ್ದರೆ ಬಣ್ಣ ಬಳಿಯಲು ಪರವಾನಗಿ ಸಿಗುತ್ತದೆಯೇ ಮೇಡಂ?

ಲೆಸ್ಟರ್ ಮೇಡಂ · 4.10

ಸುಬೇದಾರರೇ, ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ನಮ್ಮ ಶಾಲೆಯ ಮಕ್ಕಳಿಗೆ ಈ ಧಾರಾವಾಹಿ ತೋರಿಸುತ್ತೀರಾ ಎಂದರೆ ಇಲ್ಲ ಎನ್ನುತ್ತೇನೆ. ನಾನು ನೋಡಿ ನಗುತ್ತೇನೆಯೇ ಎಂದರೆ ಹೌದು. ಎರಡೂ ನಿಜ.

ಬಣ್ಣದ ಮನೆ · 4.25

1978ರ ಜನವರಿಯಲ್ಲಿ ಬೇಟ್ಸ್ ತೀರಿಕೊಂಡ ಮೇಲೆ ರಂಗಿ ರಾಮ್ ಪಾತ್ರಕ್ಕೆ ಬೇರೆ ಯಾರನ್ನೂ ತರದೆ ಮುಂದುವರಿಸಿದರು. ಅದೊಂದು ಮರ್ಯಾದೆ ಕಾಪಾಡಿದರು. ಆದರೆ ಪೆರ್ರಿ ಕೊನೆಯವರೆಗೂ ಇದೇ ತಮ್ಮ ಅತ್ಯಂತ ತಮಾಷೆಯ ಕೃತಿ ಎನ್ನುತ್ತಿದ್ದರು, ಬಿಬಿಸಿ ಮರುಪ್ರಸಾರ ಮಾಡುವುದಿಲ್ಲ ಎಂದು ಕೊರಗುತ್ತಿದ್ದರು. ಹೆತ್ತವರಿಗೆ ಯಾರೂ ಎತ್ತಿಕೊಳ್ಳದ ಕೂಸಿನ ಮೇಲೆ ಮೋಹ ಹೆಚ್ಚು.

ಒಗ್ಗರಣೆ · 4.40

ವಿಷಯ ಗಂಭೀರವಾಯಿತು. ಯಾರಾದರೂ ಹಾಡು ಹೇಳಿ.

ಹಳೆಯ ರೇಡಿಯೊ · 4.58

ಹಾಡೇ ಬೇಕಾದರೆ ‘ಡ್ಯಾಡ್ಸ್ ಆರ್ಮಿ’ಯ ಶೀರ್ಷಿಕೆ ಗೀತೆ ಕೇಳಿ. ಹಿಟ್ಲರನನ್ನು ‘ಯಾರಿಗೆ ಟೋಪಿ ಹಾಕುತ್ತೀಯಪ್ಪ’ ಎಂದು ಕೇಳುವ ಹಾಡು. ಯುದ್ಧಕಾಲದ ಹಳೆಯ ಹಾಡೆಂದೇ ಎಷ್ಟೋ ಇಂಗ್ಲಿಷರು ನಂಬಿದ್ದಾರೆ. ಅಲ್ಲ, ಪೆರ್ರಿ ಧಾರಾವಾಹಿಗೆಂದೇ ಬರೆದದ್ದು. ತಮ್ಮ ಬಾಲ್ಯದ ಆರಾಧ್ಯ ಗಾಯಕ ಬಡ್ ಫ್ಲಾನಗನ್ ಅವರನ್ನೇ ಹುಡುಕಿ ಹಾಡಿಸಿದರು. ಅದೇ 1968ರ ಅಕ್ಟೋಬರಿನಲ್ಲಿ ಫ್ಲಾನಗನ್ ತೀರಿಕೊಂಡರು. ಹಾಡಿಗೆ ಮುಂದೆ ಐವರ್ ನೊವೆಲ್ಲೊ ಪ್ರಶಸ್ತಿ ಬಂತು.

ಕುಂದಾಪುರದ ಕಡಲು · 5.15

80 ಕಂತಿನಲ್ಲಿ ಮೂರು ಇಂದಿಗೂ ಸಿಕ್ಕಿಲ್ಲ, ಗೊತ್ತೇ? ಎರಡನೆಯ ಸರಣಿಯವು. ಆ ಕಾಲದಲ್ಲಿ ಟೇಪು ದುಬಾರಿ, ಬಿಬಿಸಿಯವರು ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದನ್ನು ತುಂಬುತ್ತಿದ್ದರು.

ಬೈಯುವ ಹಕ್ಕು ನನಗಿಲ್ಲ. ಅಜ್ಜ ರಾತ್ರಿಯಿಡೀ ಕುಳಿತು ಧ್ವನಿಮುದ್ರಿಸಿಕೊಂಡಿದ್ದ ತಾಳಮದ್ದಳೆಯ ಕ್ಯಾಸೆಟ್ ಮೇಲೆ ನಾನು ಕ್ರಿಕೆಟ್ ವೀಕ್ಷಕ ವಿವರಣೆ ತುಂಬಿಸಿದ್ದೆ. ಕೃಷ್ಣ ಸಂಧಾನದ ನಡುವೆ ಇದ್ದಕ್ಕಿದ್ದಂತೆ ‘ಚೆಂಡು ಬೌಂಡರಿ ದಾಟಿತು’ ಎಂದು ಕೇಳಿಸಿತು. ಅಜ್ಜ ಆರು ತಿಂಗಳು ನನ್ನೊಡನೆ ಮಾತನಾಡಲಿಲ್ಲ.

ಒಗ್ಗರಣೆ · 5.19

ಸಂಧಾನ ಆಯಿತೇ ಇಲ್ಲವೇ?

ಕುಂದಾಪುರದ ಕಡಲು · 5.22

ಇಲ್ಲ, ಯುದ್ಧವೇ.

ಪುಸ್ತಕದ ಹುಳು · 6.30

ನನ್ನ ಅನುಮಾನ ಒಂದಿದೆ, ಹೇಳಿದರೆ ಹೊಡೆಯಬೇಡಿ. ನಿಜವಾದ ಪ್ರತಿಭೆ ಕ್ರಾಫ್ಟ್ ಅವರದ್ದಲ್ಲವೇ? ಕ್ರಾಫ್ಟ್ ಬೇರೆ ಜೊತೆಗಾರ ಜೆರೆಮಿ ಲಾಯ್ಡ್ ಜೊತೆಗೂ ಗೆದ್ದರು, ‘ಆರ್ ಯು ಬೀಯಿಂಗ್ ಸರ್ವ್ಡ್’, ‘ಅಲೊ ಅಲೊ’ ಎಲ್ಲ ಹಾಗೆ ಬಂದವು. ಪೆರ್ರಿ ಒಬ್ಬರೇ ಬರೆದದ್ದು ಯಾವುದಾದರೂ ನಿಂತಿತೇ? 1969ರಲ್ಲಿ ತೋಟದ ಕುಬ್ಜ ಬೊಂಬೆಗಳು ಮಾತನಾಡುವ ‘ದಿ ನೋಮ್ಸ್ ಆಫ್ ಡಲ್ವಿಚ್’ ಬರೆದರು. ಆರೇ ಕಂತಿಗೆ ಬೊಂಬೆಗಳು ಬಾಯಿ ಮುಚ್ಚಿದವು.

ಬಣ್ಣದ ಮನೆ · 6.52

ಹೊಡೆಯುವುದಿಲ್ಲ, ಲೆಕ್ಕ ಕೇಳುತ್ತೇನೆ. ‘ಡ್ಯಾಡ್ಸ್ ಆರ್ಮಿ’ ಯಾರ ಬದುಕು? ವಾಟ್‌ಫರ್ಡ್‌ನ ಹುಡುಗನದು. ದೇವಳಾಲಿ? ಆ ಸಾರ್ಜೆಂಟ್‌ನದು. 1980ರಲ್ಲಿ ಶುರುವಾದ ‘ಹೈ ಡಿ ಹೈ’? ಪೆರ್ರಿ ಸೈನ್ಯ ಬಿಟ್ಟ ಮೇಲೆ ನಟನಾ ಶಾಲೆಯ ರಜೆಯಲ್ಲಿ ಬಟ್ಲಿನ್ಸ್ ರಜಾ ಶಿಬಿರದಲ್ಲಿ ಕೆಂಪು ಕೋಟು ಹಾಕಿಕೊಂಡು ಜನರನ್ನು ರಂಜಿಸಿದ ನೆನಪು ಅದು. ಧಾರಾವಾಹಿಯಲ್ಲಿ ಕೋಟಿನ ಬಣ್ಣ ಹಳದಿಯಾಯಿತು, ಅಷ್ಟೇ. 58 ಕಂತು, ಬಾಫ್ಟಾ ಪ್ರಶಸ್ತಿ ಬೇರೆ. ಹಿಟ್ಟು ಪೆರ್ರಿ ತಂದರು, ಒಲೆ ಕ್ರಾಫ್ಟ್ ಹಚ್ಚಿದರು. ರೊಟ್ಟಿ ಯಾರದ್ದು ಎಂದು ಕೇಳಿದರೆ?

ಲೆಸ್ಟರ್ ಮೇಡಂ · 7.15

‘ಹೈ ಡಿ ಹೈ’ ಹೆಸರು ತೆಗೆದಿರಿ, ಈಗ ನನಗೆ ಒಂದು ಹೊಳೆಯಿತು. ಅದರಲ್ಲಿ ಪೆಗ್ಗಿ ಎಂಬವಳಿದ್ದಾಳೆ, ಸೂ ಪೊಲಾರ್ಡ್ ಮಾಡಿದ ಪಾತ್ರ. ಶಿಬಿರದ ಕೋಣೆಗಳನ್ನು ಗುಡಿಸುವ ಹುಡುಗಿ. ಅವಳಿಗೆ ಒಂದೇ ಆಸೆ, ಹಳದಿ ಕೋಟು ಹಾಕಿ ವೇದಿಕೆ ಹತ್ತಬೇಕು. ಹೇಗಾದರೂ ಮಾಡಿ ಮಧ್ಯೆ ತೂರಿಕೊಳ್ಳುತ್ತಾಳೆ, ಯಾವ ಅವಮಾನದ ವೇಷ ಕೊಟ್ಟರೂ ಹಾಕಿಕೊಳ್ಳುತ್ತಾಳೆ. ಕೋಟು ಮಾತ್ರ ಬಹುಕಾಲ ಕೊಡುವುದಿಲ್ಲ. ಮರುದಿನ ಮತ್ತೆ ಬಕೆಟ್ಟು, ಪೊರಕೆ, ನಗುಮುಖ.

ಪೈಕ್ ಹುಡುಗ ಪೆರ್ರಿ ಎನ್ನುತ್ತೀರಿ. ನನಗೆ ಪೆಗ್ಗಿಯೇ ನಲವತ್ತು ದಾಟಿದ ಪೆರ್ರಿಯಂತೆ ಕಾಣುತ್ತಾಳೆ.

ಬಣ್ಣದ ಮನೆ · 7.19

ಮೇಡಂ, ನಾನು ಮೂರು ನಿಮಿಷ ಸುಮ್ಮನೆ ಕುಳಿತೆ.

ಹಳೆಯ ರೇಡಿಯೊ · 7.40

ಒಳ್ಳೆಯ ಮಾತು. ಆದರೆ ಪೆಗ್ಗಿಯಷ್ಟು ಪಾಪದವರಲ್ಲ ಪೆರ್ರಿ. 1978ರಲ್ಲೇ ಒಬಿಇ ಗೌರವ ಬಂತು. 1980ರ ದಶಕದಲ್ಲಿ ‘ಟರ್ನ್ಸ್’ ಎಂಬ ಕಾರ್ಯಕ್ರಮದಲ್ಲಿ ಮ್ಯೂಸಿಕ್ ಹಾಲ್ ಕಲಾವಿದರ ಹಳೆಯ ಚಿತ್ರಗಳನ್ನು ತಾವೇ ಪರದೆಯ ಮೇಲೆ ಬಂದು ಪರಿಚಯಿಸಿದರು. ಬಾಯಿ ತುಂಬ ಮಾತು, ಕಣ್ಣಲ್ಲಿ ತುಂಟತನ. ತೀರಿಕೊಂಡದ್ದು 2016ರ ಅಕ್ಟೋಬರಿನಲ್ಲಿ, 93ನೆಯ ವಯಸ್ಸಿನಲ್ಲಿ. ಜೇಮ್ಸ್ ಬೆಕ್ 1973ರಲ್ಲಿ 44ಕ್ಕೇ ಹೋಗಿಬಿಟ್ಟರು, ಅದು ನಿಜವಾದ ದುಃಖ. ಪೈಕ್ ಪಾತ್ರದ ಇಯಾನ್ ಲ್ಯಾವೆಂಡರ್ 2024ರಲ್ಲಿ ಹೋದರು. ಅಲ್ಲಿಗೆ ಮುಖ್ಯ ತುಕಡಿ ಪೂರ್ತಿ ಖಾಲಿ.

ಪುಸ್ತಕದ ಹುಳು · 7.55

ಬೆಕ್ ಹೋದ ಮೇಲಾದರೂ ವಾಕರ್ ಪಾತ್ರವನ್ನು ಪೆರ್ರಿ ಕೇಳಬಹುದಿತ್ತಲ್ಲ?

ಹಳೆಯ ರೇಡಿಯೊ · 8.01

ವಾಕರ್ ಪಾತ್ರವನ್ನು ಮತ್ತೆ ಯಾರಿಗೂ ಕೊಡಲಿಲ್ಲ.

ಒಗ್ಗರಣೆ · 8.10

‘ಯು ರ್‍ಯಾಂಗ್ ಮಿಲಾರ್ಡ್’ ಕೂಡ ಇವರದ್ದೇ ಅಲ್ಲವೇ? ನಮ್ಮ ಕಚೇರಿಯ ಹಂಗೇರಿಯವಳೊಬ್ಬಳು ಅದರ ಮಾತುಗಳನ್ನು ಬಾಯಿಪಾಠ ಹೇಳುತ್ತಾಳೆ.

ಹಳೆಯ ರೇಡಿಯೊ · 8.16

ಹೌದು, ಪೆರ್ರಿ ಮತ್ತು ಕ್ರಾಫ್ಟ್ ಜೋಡಿಯ ಕೊನೆಯದು, 26 ಕಂತು. 1920ರ ದಶಕದ ಶ್ರೀಮಂತರ ಮನೆ ಮತ್ತು ಅವರ ಆಳುಕಾಳುಗಳ ಕತೆ. ಬ್ರಿಟನ್ನಿಗಿಂತ ಹಂಗೇರಿಯಲ್ಲಿ ಅದಕ್ಕೆ ಹೆಚ್ಚು ಪ್ರೀತಿ. ಏಕೆ ಎಂದು ನಿಮ್ಮ ಸಹೋದ್ಯೋಗಿಯನ್ನೇ ಕೇಳಿ ಬಂದು ಹೇಳಿ.

ಸೋಮವಾರಪೇಟೆ ಸುಬೇದಾರ · 8.45

ರಾಯರೇ, ಆ ತಾತನ ಪೆಟ್ಟಿಗೆಯ ದೇವಳಾಲಿ ಡಿವಿಡಿಯನ್ನು ಎಸೆಯಬೇಡಿ. ಬಣ್ಣದವನ ಮೇಲಿನ ಸಿಟ್ಟು ಇರಲಿ. ನಮ್ಮ ಬ್ಯಾರಕ್‌ಗಳನ್ನು ಅವರು ಹೇಗೆ ಕಟ್ಟಿ ತೋರಿಸಿದ್ದಾರೆ ಎಂದು ನನಗೂ ಒಮ್ಮೆ ನೋಡಬೇಕಾಗಿದೆ.

ರೆಡಿಂಗ್ ರಾಯ · ರಾತ್ರಿ 10.20

ಎಸೆಯುವುದಿಲ್ಲ ಸರ್. ಊರಿಗೆ ಬಂದಾಗ ತರುತ್ತೇನೆ.

ಇವತ್ತು ಊಟವಾದ ಮೇಲೆ ಮೊದಲ ಸರಣಿಯ ಕೊನೆಯ ಕಂತನ್ನೇ ಮತ್ತೆ ಹಾಕಿದೆವು. ಚಾರ್ಲಿ ಚೀಸ್‌ಮನ್ ಬಂದ, ಗಟ್ಟಿ ದನಿಯಲ್ಲಿ ನಾಲ್ಕು ಮಾತನಾಡಿದ, ಹೋದ. ಹೆಂಡತಿ ಹಿಂದಕ್ಕೆ ತಿರುಗಿಸಿ ಇನ್ನೊಮ್ಮೆ ನೋಡಿದಳು.

ಬಣ್ಣದ ಮನೆ · 10.24

ಏನೆಂದರು? ‘ಸೋತ ನಟ’ ತೀರ್ಪು ಹಿಂದಕ್ಕೆ ತೆಗೆದುಕೊಂಡರೇ?

ರೆಡಿಂಗ್ ರಾಯ · 10.31

‘ಬರೆಯುವುದು ಚೆನ್ನಾಗಿ ಬರುತ್ತದೆ’ ಎಂದಳು.